3.52ಕ್ಕೆ ಬಂದ ಕಾರು: ಒಂದು ಕಾಸಾ ಪ್ರಕರಣ

ಈ ಪ್ರಕರಣ ಕ್ಯಾಲಿಫೋರ್ನಿಯಾದ ಒಂದು ಕೌಂಟಿಯದು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ). ಗುರುತು ಸಿಗಬಾರದೆಂದು ಹೆಸರು, ಊರು, ಭಾಷೆ, ಕೆಲವು ದಿನಾಂಕಗಳನ್ನು ಬದಲಿಸಿದೆ. ಇದೇ ಬಗೆಯ ಬೇರೆ ಪ್ರಕರಣಗಳ ವಿವರಗಳೂ ಇದರಲ್ಲಿ ಸೇರಿವೆ. ಮಕ್ಕಳಿಬ್ಬರನ್ನು ಇಲ್ಲಿ ಅಣ್ಣ, ತಂಗಿ ಎಂದಷ್ಟೇ ಕರೆದಿದೆ.

ಕಾಸಾ ಎಂದರೆ ಕೋರ್ಟ್ ಅಪಾಯಿಂಟೆಡ್ ಸ್ಪೆಷಲ್ ಅಡ್ವೊಕೇಟ್. ಅಡ್ವೊಕೇಟ್ ಎಂಬ ಪದ ಕೇಳಿ ಕರಿಕೋಟು ನೆನಪಾಗುವುದು ಸಹಜ, ಆದರೆ ಇವರು ವಕೀಲರಲ್ಲ. ಮಗುವಿಗೆ ವಕೀಲರು ಬೇರೆ ಇರುತ್ತಾರೆ. ಕಾಸಾ ಸ್ವಯಂಸೇವಕರು ಸಾಮಾನ್ಯ ನಾಗರಿಕರು. ಮಗುವನ್ನು ತಿಂಗಳು ತಿಂಗಳೂ ಕಣ್ಣಾರೆ ನೋಡಿ, ಶಾಲೆ, ವೈದ್ಯರು, ಫಾಸ್ಟರ್ ಮನೆಯವರೊಡನೆ (ಮಗುವನ್ನು ತಾತ್ಕಾಲಿಕವಾಗಿ ಸಾಕುವವರೊಡನೆ) ಮಾತಾಡಿ, ಕಂಡದ್ದನ್ನು ನ್ಯಾಯಾಧೀಶರಿಗೆ ಬರೆದು ಕೊಡುವುದು ಅವರ ಕೆಲಸ. ಮಗುವಿನ ಬಗ್ಗೆ ಏನೂ ಸರಿಯಾಗಿ ತಿಳಿಯದೆ ಅದರ ಬದುಕನ್ನು ತೀರ್ಮಾನಿಸಬೇಕಾಗುತ್ತಿದೆ ಎಂಬ ಸಂಕಟದಿಂದ 1977ರಲ್ಲಿ ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೂಕಪ್ ಇದನ್ನು ಶುರುಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಮೊದಲು 30 ಗಂಟೆ ತರಬೇತಿ, ಆಮೇಲೆ ವರ್ಷಕ್ಕೆ 12 ಗಂಟೆ. ಬೆರಳಚ್ಚು ತಪಾಸಣೆ ಕಡ್ಡಾಯ. ಒಬ್ಬರಿಗೆ ಸಾಮಾನ್ಯವಾಗಿ ಒಂದೇ ಮಗು ಅಥವಾ ಒಂದೇ ಮನೆಯ ಒಡಹುಟ್ಟಿದವರು. ಕರ್ನಾಟಕದಲ್ಲಿ ತದ್ರೂಪದ ಹುದ್ದೆ ಇಲ್ಲ. ಪೋಕ್ಸೊ ಪ್ರಕರಣಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ಸಹಾಯಕ ವ್ಯಕ್ತಿಯ ಕೆಲಸ ಒಂದಿಷ್ಟು ಹತ್ತಿರ ಬರುತ್ತದೆ.

ಹಿನ್ನೆಲೆ

ಒಂದು ರಾತ್ರಿ ನೆರೆಯವರು ಪೊಲೀಸರಿಗೆ ಫೋನ್ ಮಾಡಿದರು. ಮನೆಯಲ್ಲಿ ಮಕ್ಕಳಿಬ್ಬರೇ ಇದ್ದರು. ತಾಯಿ ಮಾದಕ ವ್ಯಸನಿ. ತಂದೆ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ. ಅಣ್ಣನಿಗೆ 9 ವರ್ಷ, ತಂಗಿಗೆ 2 ವರ್ಷ 2 ತಿಂಗಳು. ಇಬ್ಬರನ್ನೂ ತೆಗೆದುಕೊಳ್ಳುವ ಒಂದೇ ಫಾಸ್ಟರ್ ಮನೆ ಸಿಗಲಿಲ್ಲ. ಅಣ್ಣ 38 ಮೈಲಿ ದೂರದ ಊರಿಗೆ ಹೋದ, ತಂಗಿ ಬೇರೆ ದಿಕ್ಕಿನ ಇನ್ನೊಂದು ಊರಿಗೆ. ಎರಡನೇ ತಿಂಗಳ ಕೊನೆಗೆ ನ್ಯಾಯಾಲಯ ತಾಯಿಗೆ ಕೇಸ್ ಪ್ಲ್ಯಾನ್ ಕೊಟ್ಟಿತು: ವ್ಯಸನ ಚಿಕಿತ್ಸೆ, ಆಗಾಗ ಮೂತ್ರ ಪರೀಕ್ಷೆ, ಪಾಲನೆಯ ತರಗತಿ, ವಾರಕ್ಕೊಮ್ಮೆ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ಮಕ್ಕಳ ಭೇಟಿ. ಅದೇ ದಿನ ಕಾಸಾ ಸ್ವಯಂಸೇವಕಿಯ ನೇಮಕವೂ ಆಯಿತು. ಆಕೆ ಮೈಸೂರು ಕಡೆಯವರು, ಇದು ಅವರ ಮೊದಲ ಪ್ರಕರಣ.

ಇಲ್ಲಿ ಗಡಿಯಾರದ ಲೆಕ್ಕ ತಿಳಿದಿರಬೇಕು. ಮಗುವಿಗೆ 3 ವರ್ಷ ಮೇಲ್ಪಟ್ಟಿದ್ದರೆ ತಂದೆತಾಯಿಗೆ ಸುಧಾರಿಸಿಕೊಳ್ಳಲು ಸಾಮಾನ್ಯವಾಗಿ 12 ತಿಂಗಳ ಸೇವೆ ಸಿಗುತ್ತದೆ. ಮನೆಯಿಂದ ಹೊರತರುವಾಗ 3 ತುಂಬಿರದಿದ್ದರೆ 6 ತಿಂಗಳು ಮಾತ್ರ. ಒಡಹುಟ್ಟಿದವರಲ್ಲಿ ಒಬ್ಬರಿಗೆ 3 ತುಂಬಿರದಿದ್ದರೂ ಎಲ್ಲರಿಗೂ ಆ 6 ತಿಂಗಳ ಮಿತಿಯನ್ನೇ ಹಾಕಲು ಅವಕಾಶವಿದೆ. ಹಾಗಾಗಿ ಎಂಟನೇ ತಿಂಗಳಲ್ಲಿ ಬರಲಿದ್ದ ವಿಚಾರಣೆಯಲ್ಲೇ ಈ ತಾಯಿಗೆ ಬಾಗಿಲು ಮುಚ್ಚಿಹೋಗುವ ಸಾಧ್ಯತೆಯಿತ್ತು. ಹೊಸ ಸ್ವಯಂಸೇವಕರು ಮೊದಲ ವಾರದಲ್ಲೇ ಈ ತಾರೀಕುಗಳನ್ನು ಲೆಕ್ಕಹಾಕಿ ಗೋಡೆಗೆ ಅಂಟಿಸಿಕೊಳ್ಳಬೇಕು ಎಂದು ಕಾಸಾ ಕಚೇರಿಯ ನಾವು ಪಟ್ಟು ಹಿಡಿಯುವುದು ಇದಕ್ಕೇ.

ಕಂಡ ಸಮಸ್ಯೆ, ಕಾಣದ ಸಮಸ್ಯೆ

ಎಲ್ಲರಿಗೂ ಕಾಣುತ್ತಿದ್ದ ಸಮಸ್ಯೆ ಅಣ್ಣನದು. ಹೊಸ ಶಾಲೆಯಲ್ಲಿ ಹಾಳೆ ಹರಿಯುತ್ತಿದ್ದ, ಮೇಜಿನ ಕೆಳಗೆ ಹೋಗಿ ಕೂತರೆ ಹೊರಗೆ ಬರುತ್ತಿರಲಿಲ್ಲ, ಒಮ್ಮೆ ಇನ್ನೊಬ್ಬ ಹುಡುಗನನ್ನು ಕಚ್ಚಿದ. ಫಾಸ್ಟರ್ ತಾಯಿ ಕೆಟ್ಟವರಲ್ಲ, ಆದರೆ ದಣಿದಿದ್ದರು; ಬೇರೆ ಮನೆ ನೋಡಿಕೊಳ್ಳಿ ಎನ್ನುವ ಮಾತು ಶುರುವಾಗಿತ್ತು. ವೈದ್ಯರು ಔಷಧದ ಯೋಚನೆ ಮಾಡಿದ್ದರು. ಕೌಂಟಿಯ ಸೋಶಿಯಲ್ ವರ್ಕರ್ ವರದಿಯಲ್ಲಿ ತಾಯಿಯ ಬಗ್ಗೆ ಒಂದೇ ಸಾಲಿತ್ತು: ಭೇಟಿಗಳು ನಿಯಮಿತವಾಗಿಲ್ಲ.

ತಂಗಿ ಮಾತೇ ಆಡುತ್ತಿರಲಿಲ್ಲ. ಎರಡೂವರೆ ವರ್ಷಕ್ಕೆ ನಾಲ್ಕು ಪದ. ಯಾರಿಗೂ ತೊಂದರೆ ಕೊಡದ ಮಗು ಎಂದು ಅವಳ ಫಾಸ್ಟರ್ ಮನೆಯವರು ಹೊಗಳುತ್ತಿದ್ದರು. ಗದ್ದಲ ಮಾಡುವ ಮಗುವಿನ ಸುತ್ತ ಆರು ಜನ ಸೇರಿ, ಸುಮ್ಮನಿರುವ ಮಗುವನ್ನು ಎಲ್ಲರೂ ಮರೆಯುವುದು ಈ ವ್ಯವಸ್ಥೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಇಂಥ ಮಗುವಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ: ಅರ್ಲಿ ಸ್ಟಾರ್ಟ್ ಸೇವೆಗೆ (ಬೆಳವಣಿಗೆ ಹಿಂದುಳಿದ, ಮೂರು ತುಂಬದ ಮಕ್ಕಳಿಗೆ ಕೊಡುವ ನೆರವು) ಹೆಸರು ಕಳಿಸಿದ್ದು ಯಾವ ತಾರೀಕು? ಒಪ್ಪಿಗೆಗೆ ಸಹಿ ಹಾಕಿದವರು ಯಾರು? ಈಗ ಕಡತ ಯಾರ ಮೇಜಿನ ಮೇಲಿದೆ? ಹೆಸರು ಕಳಿಸಿದ 45 ದಿನದೊಳಗೆ ಪರೀಕ್ಷೆ ಮುಗಿದು ಸೇವಾ ಯೋಜನೆಯ ಸಭೆ ಆಗಬೇಕೆಂದು ಕಾನೂನಿದೆ. ಕೌಂಟಿ ಮೊದಲ ತಿಂಗಳೇ ಹೆಸರು ಕಳಿಸಿತ್ತು, ತಪ್ಪಿರಲಿಲ್ಲ. ಆದರೆ ಕಳಿಸಿದ್ದು ತಾಯಿಯ ಮನೆ ಇದ್ದ ಪ್ರದೇಶದಲ್ಲಿ ಈ ಸೇವೆ ನೋಡಿಕೊಳ್ಳುವ ರೀಜನಲ್ ಸೆಂಟರ್‌ಗೆ. ಮಗು ಬೇರೆ ಸೆಂಟರ್‌ನ ವ್ಯಾಪ್ತಿಗೆ ಹೋಗಿತ್ತು. ಮೊದಲ ಸೆಂಟರ್ ತಾಯಿಯ ಹಳೆಯ ನಂಬರಿಗೆ ಫೋನ್ ಮಾಡಿ, ಯಾರೂ ಎತ್ತದ್ದರಿಂದ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಕಡತ ಮುಚ್ಚಿತ್ತು. ನಾಲ್ಕನೇ ತಿಂಗಳಲ್ಲಿ ಸ್ವಯಂಸೇವಕಿ ಇದನ್ನು ಹಿಡಿದರು. ಹೊಸದಾಗಿ ಹೆಸರು ಹೋಯಿತು, ತಾಯಿಯ ಸಹಿ ತರುವುದರಲ್ಲಿ ಮತ್ತೆ 11 ದಿನ ಹೋದವು. ಸ್ಪೀಚ್ ಥೆರಪಿ ಶುರುವಾಗುವಾಗ ಮಗುವಿಗೆ 2 ವರ್ಷ 8 ತಿಂಗಳು. ಮೂರು ತುಂಬಿದ ದಿನ ಅರ್ಲಿ ಸ್ಟಾರ್ಟ್ ನಿಲ್ಲುತ್ತದೆ, ಆಮೇಲಿನ ಹೊಣೆ ಶಾಲಾ ಜಿಲ್ಲೆಯದು. ಆ ಬದಲಾವಣೆಯ ಸಭೆ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮುಂಚೆ ಆಗಬೇಕು. ಇಲ್ಲಿ ಥೆರಪಿಯ ಮೊದಲ ವಾರದಲ್ಲೇ ಆ ಸಭೆಯನ್ನೂ ಕೇಳಿ ಹಾಕಿಸಿಕೊಂಡದ್ದರಿಂದ ನಡುವೆ ಕಂದಕ ಬೀಳಲಿಲ್ಲ.

ಮೊದಲ ವರದಿಯ ತಪ್ಪು

ಐದನೇ ತಿಂಗಳಲ್ಲಿ ಒಂದು ಮಧ್ಯಂತರ ವಿಚಾರಣೆ ಇತ್ತು. ಸ್ವಯಂಸೇವಕಿ 7 ಪುಟದ ವರದಿ ಬರೆದರು. ಅದರಲ್ಲಿ ಹೀಗೊಂದು ವಾಕ್ಯ: ‘ತಾಯಿಗೆ ಮಕ್ಕಳನ್ನು ನೋಡುವ ಆಸಕ್ತಿ ಕಡಿಮೆ ಎನ್ನಿಸುತ್ತದೆ.’ ಆಧಾರ ಏನು? ಆ ಹೊತ್ತಿಗೆ ಆಗಬೇಕಿದ್ದ 10 ಭೇಟಿಗಳಲ್ಲಿ 4 ಆಗಿರಲಿಲ್ಲ, ಮತ್ತು ಫಾಸ್ಟರ್ ತಾಯಿ ‘ಅವಳು ಬರೋದೇ ಇಲ್ಲ’ ಎಂದಿದ್ದರು. ಅಷ್ಟೇ.

ಕಾಸಾ ಕಚೇರಿಯ ಮೇಲ್ವಿಚಾರಕರು ಆ ವಾಕ್ಯವನ್ನು ತಡೆಯಬೇಕಿತ್ತು, ತಡೆಯಲಿಲ್ಲ. ಕಾಸಾ ವರದಿ ಗುಟ್ಟಿನ ಕಾಗದವಲ್ಲ. ಎಲ್ಲ ಪಕ್ಷದವರಿಗೂ ಪ್ರತಿ ಹೋಗುತ್ತದೆ. ತಾಯಿ ಅದನ್ನು ಓದುತ್ತಾಳೆ. ತಾಯಿಯ ವಕೀಲರು ಎದ್ದು ‘ಇವರು ಒಂದಾದರೂ ಭೇಟಿ ನೋಡಿದ್ದಾರೆಯೇ?’ ಎಂದು ಕೇಳಿದರು. ನೋಡಿರಲಿಲ್ಲ. ನ್ಯಾಯಾಧೀಶರು ಆ ಭಾಗವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಮುಂದಿನ ಹಲವು ವಾರ ತಾಯಿ ಸ್ವಯಂಸೇವಕಿಯ ಫೋನ್ ಎತ್ತಲಿಲ್ಲ. ಅದೇ ವರದಿಯಲ್ಲಿದ್ದ ತಂಗಿಯ ಮಾತಿನ ವಿಷಯ, ತಾರೀಕು ಸಮೇತ ಎರಡೇ ಪ್ಯಾರಾ, ಅಂದೇ ಆದೇಶವಾಗಿ ಬಂತು ಎನ್ನುವುದನ್ನೂ ಗಮನಿಸಬೇಕು.

ಕಾಯುವ ಕೋಣೆಯಲ್ಲಿ

ಆರನೇ ತಿಂಗಳ ಒಂದು ಗುರುವಾರ, ಭೇಟಿಯನ್ನು ಕಣ್ಣಾರೆ ನೋಡಲೆಂದು ಆಕೆ ಕೌಂಟಿ ಕಚೇರಿಗೆ ಹೋದರು. ಭೇಟಿ 3.30ಕ್ಕೆ. 3.20ಕ್ಕೇ ತಾಯಿ ಅಲ್ಲಿದ್ದಳು, ಎರಡು ಬಸ್ ಬದಲಿಸಿ ಬಂದಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ತೊಟ್ಟು ತೆಗೆದು ಹೆಚ್ಚಿದ ಸ್ಟ್ರಾಬೆರಿ. 3.35ಕ್ಕೆ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. 3.46ಕ್ಕೆ ಸಿಬ್ಬಂದಿ ಬಂದು, 15 ನಿಮಿಷ ದಾಟಿತು, ಇವತ್ತಿನ ಭೇಟಿ ರದ್ದು ಎಂದರು. ತಾಯಿ ಜಗಳವಾಡಲಿಲ್ಲ. ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. 3.52ಕ್ಕೆ ಕಾರು ಬಂತು. ಹಿಂದಿನ ಸೀಟಿನ ಕಿಟಕಿಯಿಂದ ಹುಡುಗನಿಗೆ ಅಮ್ಮನ ಬೆನ್ನು ಕಾಣಿಸಿತು.

ಅವನು ಕೇಳಿದ್ದು ಇಷ್ಟು: ‘ಅಮ್ಮ ಯಾಕೆ ಹೋಗ್ತಿದ್ದಾಳೆ?’

ಶಾಲೆಯಲ್ಲಿ ಇನ್ನೊಬ್ಬ ಹುಡುಗನನ್ನು ಕಚ್ಚಿದ್ದು ಮರುದಿನವೇ.

ಸ್ವಯಂಸೇವಕಿ ಅಲ್ಲಿ ಎರಡು ಸರಿಯಾದ ಕೆಲಸ ಮಾಡಿದರು. ಮೊದಲನೆಯದು, ತಾಯಿಯನ್ನು ಓಡಿಹೋಗಿ ಕರೆತರಲಿಲ್ಲ. ಮನಸ್ಸು ಎಷ್ಟು ತುಡಿದರೂ ಅದು ಕಾಸಾದ ಅಧಿಕಾರವಲ್ಲ. ಮೇಲ್ವಿಚಾರಣೆಯ ಭೇಟಿಯನ್ನು ತಾನೇ ನಡೆಸಿದರೆ ಆದೇಶ ಮುರಿದಂತೆ, ಆ ದೋಷ ತಾಯಿಯ ತಲೆಗೂ ಬರಬಹುದಿತ್ತು. ಸಿಬ್ಬಂದಿಯನ್ನು ಕೇಳಿದರು, ಅವರು ಆಗುವುದಿಲ್ಲ ಎಂದರು, ಹಾಗೆಂದು ಯಾರು ಹೇಳಿದರು ಎನ್ನುವುದನ್ನು ಬರೆದುಕೊಂಡರು. ಎರಡನೆಯದು, ಕಾರಿನಲ್ಲಿ ಕೂತು ನಾಲ್ಕೂ ಹೊತ್ತುಗಳನ್ನು ಆಗಲೇ ಬರೆದಿಟ್ಟರು. ರಾತ್ರಿ ಮನೆಗೆ ಹೋಗಿ ಬರೆದಿದ್ದರೆ ‘ಸುಮಾರು ಮೂರೂ ಮುಕ್ಕಾಲಿಗೆ’ ಎಂದಾಗುತ್ತಿತ್ತು.

ಹಾಗಾದರೆ ಉಳಿದ ಭೇಟಿಗಳು ತಪ್ಪಿದ್ದು ಹೇಗೆ? ಇಡೀ ಪ್ರಕರಣ ಈ ಪ್ರಶ್ನೆಯಿಂದ ತಿರುಗಿತು.

ಕ್ಯಾಲೆಂಡರ್ ಕಟ್ಟಿದ ಬಗೆ

ನೇಮಕದ ಆದೇಶದಲ್ಲಿ ದಾಖಲೆ ನೋಡುವ ಅಧಿಕಾರ ಇರುತ್ತದೆ. ಆದರೆ ಬಾಯಿಮಾತಿನಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ. ಆದೇಶದ ಪ್ರತಿ ಲಗತ್ತಿಸಿ, ಬೇಕಾದ ಕಾಗದದ ಹೆಸರು ಹೇಳಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ನಮೂದಿಸಿ ಇಮೇಲ್ ಬರೆಯಬೇಕು. ಇಲ್ಲಿ ಮೂರು ಕಡೆ ಬರೆದದ್ದಾಯಿತು: ಭೇಟಿ ಕೇಂದ್ರದ ಹಾಜರಿ ಪುಸ್ತಕ, ಮಕ್ಕಳನ್ನು ಕರೆತರುವ ಗುತ್ತಿಗೆ ಸಂಸ್ಥೆಯ ಟ್ರಿಪ್ ಶೀಟ್, ಶಾಲೆಯ ಹಾಜರಿ ಮತ್ತು ಶಿಸ್ತು ವರದಿ. ಟ್ರಿಪ್ ಶೀಟ್ ಬರಲು 19 ದಿನ ಹಿಡಿಯಿತು.

ಆಮೇಲೆ ಒಂದೇ ಹಾಳೆ. ಎಡಗಡೆ ತಾರೀಕು. ಪಕ್ಕದಲ್ಲಿ ಭೇಟಿ ನಿಗದಿಯಾಗಿತ್ತೇ, ನಡೆಯಿತೇ. ಅದರ ಪಕ್ಕ ತಾಯಿ ಎಷ್ಟು ಹೊತ್ತಿಗೆ ಬಂದಳು, ಮಗು ಎಷ್ಟು ಹೊತ್ತಿಗೆ ಬಂತು. ಆಮೇಲೆ ಶಾಲೆಯ ಘಟನೆ. ಕೊನೆಯ ಅಂಕಣ ಅತಿ ಮುಖ್ಯವಾದದ್ದು: ಈ ಸಾಲು ಯಾವ ಕಾಗದದಿಂದ ಬಂತು. ಕಾರಣ ಎಂಬ ಅಂಕಣವನ್ನು ಬೇಕೆಂದೇ ಇಡಲಿಲ್ಲ. ಆ ಅಂಕಣ ಇದ್ದರೆ ಕೈ ತಾನಾಗಿ ಊಹೆ ಬರೆಯುತ್ತದೆ.

ಎಂಟನೇ ತಿಂಗಳ ಹೊತ್ತಿಗೆ ಲೆಕ್ಕ ಹೀಗಿತ್ತು. ನಿಗದಿಯಾದ 22 ಭೇಟಿಗಳಲ್ಲಿ 13 ನಡೆದಿದ್ದವು. ತಪ್ಪಿದ 9ರಲ್ಲಿ ತಾಯಿ ಬಾರದೆ ತಪ್ಪಿದ್ದು 2, ಕಚೇರಿಗೆ ರಜೆ ಇದ್ದದ್ದು 1. ಉಳಿದ 6ರಲ್ಲಿ ತಾಯಿ ಬಂದು ಕಾದಿದ್ದಳು, ಮಗುವಿನ ಕಾರು 15 ನಿಮಿಷದ ಗೆರೆ ದಾಟಿ ಬಂದಿತ್ತು ಅಥವಾ ಬಂದೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಒಂಬತ್ತಕ್ಕೂ ಒಂದೇ ಮಾತು: ಭೇಟಿ ನಡೆಯಲಿಲ್ಲ. ಸೋಶಿಯಲ್ ವರ್ಕರ್ ಸುಳ್ಳು ಬರೆದಿರಲಿಲ್ಲ. ಅವರ ಪರದೆಯ ಮೇಲೆ ಅಷ್ಟೇ ಕಾಣುತ್ತಿತ್ತು.

ಕಾರು ತಡವಾಗುವುದಕ್ಕೆ ದೊಡ್ಡ ರಹಸ್ಯವೇನೂ ಇರಲಿಲ್ಲ. ಶಾಲೆ ಬಿಡುವುದು 2.45ಕ್ಕೆ. ದಾರಿ 38 ಮೈಲಿ, ಮಧ್ಯಾಹ್ನದ ಟ್ರಾಫಿಕ್. 3.30ಕ್ಕೆ ಮುಟ್ಟುವುದು ಕಾಗದದ ಮೇಲೆ ಮಾತ್ರ ಸಾಧ್ಯ. ವೇಳಾಪಟ್ಟಿ ಹಾಕುವಾಗ ಮಗುವಿನ ಹೊಸ ಶಾಲೆ ಎಲ್ಲಿದೆಯೆಂದು ಯಾರೂ ನೋಡಿರಲಿಲ್ಲ.

ಶಾಲೆಯ ಶಿಸ್ತು ವರದಿಗಳು 11. ಅವುಗಳಲ್ಲಿ 8, ಭೇಟಿ ತಪ್ಪಿದ ನಂತರದ ಎರಡು ಶಾಲಾ ದಿನಗಳೊಳಗೆ.

ಔಷಧದ ವಿಷಯದಲ್ಲೂ ಈ ಹಾಳೆ ಕೆಲಸಕ್ಕೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ನ್ಯಾಯಾಲಯದ ಸುಪರ್ದಿಯಲ್ಲಿರುವ ಮಗುವಿಗೆ ಮನೋರೋಗದ ಔಷಧ ಕೊಡಲು ಸಾಮಾನ್ಯವಾಗಿ ನ್ಯಾಯಾಧೀಶರ ಅನುಮತಿ ಬೇಕು. ವೈದ್ಯರು ಜೆವಿ-220 ಅರ್ಜಿಯ ಜೊತೆ ವಿವರ ಕೊಡುತ್ತಾರೆ. ಮಗು ತನ್ನ ಅಭಿಪ್ರಾಯ ಹೇಳಲು ಜೆವಿ-218, ಕಾಸಾ ಮುಂತಾದವರು ಹೇಳಲು ಜೆವಿ-219 ಎಂಬ ನಮೂನೆಗಳಿವೆ. ಔಷಧ ಬೇಕೋ ಬೇಡವೋ ಎಂದು ಕಾಸಾ ಹೇಳಬಾರದು, ಅದು ವೈದ್ಯರ ಕೆಲಸ. ಸ್ವಯಂಸೇವಕಿ ತಾರೀಕುಗಳನ್ನಷ್ಟೇ ಬರೆದರು. ಮಗುವಿನ ವಕೀಲರ ಮೂಲಕ ಅದನ್ನು ನೋಡಿದ ವೈದ್ಯರು ಅರ್ಜಿಯನ್ನು ಹಿಂದಕ್ಕೆ ಪಡೆದು, ಭೇಟಿಗಳು ಸರಿಯಾದ ಮೇಲೆ ಎಂಟು ವಾರ ನೋಡೋಣ ಎಂದರು.

ಚಿಕ್ಕಮ್ಮನೋ ಅತ್ತೆಯೋ

ಮಕ್ಕಳನ್ನು ಮನೆಯಿಂದ ಹೊರತಂದ 30 ದಿನದೊಳಗೆ ಹತ್ತಿರದ ಬಂಧುಗಳನ್ನು ಹುಡುಕಿ ತಿಳಿಸಬೇಕೆಂದು 2008ರ ಫೆಡರಲ್ ಕಾನೂನು ಹೇಳುತ್ತದೆ. ಕಡತದಲ್ಲಿ ‘ಆಂಟ್ – ಸಂಪರ್ಕಿಸಲಾಗಿದೆ, ಸಾಧ್ಯವಿಲ್ಲ ಎಂದರು’ ಎಂದಿತ್ತು. ಏಳನೇ ತಿಂಗಳಲ್ಲಿ ಹುಡುಗ ಚಿತ್ರ ಬಿಡಿಸುತ್ತಾ, ಆಂಟ್ ಮನೆಯಲ್ಲಿ ಕೋಳಿಗಳಿವೆ ಎಂದ. ಇಂಗ್ಲಿಷಿನವರಿಗೆ ಅದು ಮುಗಿದುಹೋದ ಹೆಸರು. ಕನ್ನಡದ ಕಿವಿಗೆ ಹಾಗಾಗುವುದಿಲ್ಲ. ಸ್ವಯಂಸೇವಕಿ ತಟ್ಟನೆ ಕೇಳಿದರು: ‘ಅಮ್ಮನ ತಂಗಿಯಾ, ಅಪ್ಪನ ಅಕ್ಕನಾ?’

ಅಪ್ಪನ ಅಕ್ಕ. ಕಡತದಲ್ಲಿದ್ದವಳು ಚಿಕ್ಕಮ್ಮ, ಕೋಳಿ ಸಾಕಿದ್ದವಳು ಸೋದರತ್ತೆ. ತಂದೆ ಸಿಗದ್ದರಿಂದ ಆ ಕಡೆಯವರನ್ನು ಯಾರೂ ಹುಡುಕಿರಲೇ ಇಲ್ಲ. ಆಕೆ ಮಕ್ಕಳ ಹಳೆಯ ಶಾಲೆಯಿಂದ 6 ಮೈಲಿ ದೂರದಲ್ಲಿದ್ದಳು, ಮಕ್ಕಳು ತಾಯಿಯ ಬಳಿಯೇ ಇದ್ದಾರೆಂದುಕೊಂಡಿದ್ದಳು. ಸ್ವಯಂಸೇವಕಿ ಆಕೆಗೆ ತಾವಾಗಿ ಫೋನ್ ಮಾಡಲಿಲ್ಲ, ಪ್ರಕರಣದ ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ. ಹುಡುಗ ಹೇಳಿದ್ದನ್ನು ಅದೇ ಸಂಜೆ ಸೋಶಿಯಲ್ ವರ್ಕರ್‌ಗೂ ಮಕ್ಕಳ ವಕೀಲರಿಗೂ ಬರೆದು ತಿಳಿಸಿದರು. ಮನೆ ತಪಾಸಣೆ, ಪೊಲೀಸ್ ದಾಖಲೆ ಪರಿಶೀಲನೆ ಮುಗಿದು ಒಂಬತ್ತನೇ ತಿಂಗಳಲ್ಲಿ ಅಣ್ಣ ತಂಗಿ ಇಬ್ಬರೂ ಒಂದೇ ಮನೆ ಸೇರಿದರು. ಅಣ್ಣ ತನ್ನ ಹಳೆಯ ಶಾಲೆಗೆ ಮರಳಿದ. ಆ ಶಾಲೆಯಲ್ಲೇ ಉಳಿಯುವ ಹಕ್ಕು ಅವನಿಗೆ ಮೊದಲ ದಿನದಿಂದಲೂ ಇತ್ತು; ಶಿಕ್ಷಣದ ತೀರ್ಮಾನದ ಹಕ್ಕು ಕಾನೂನಿನಂತೆ ಇನ್ನೂ ತಾಯಿಯದೇ ಆಗಿದ್ದರೂ ಅವಳನ್ನು ಯಾರೂ ಕೇಳಿರಲಿಲ್ಲ.

ಎಂಟನೇ ತಿಂಗಳ ವಿಚಾರಣೆ

ಕಾಸಾದ ಎರಡನೇ ವರದಿ ಎರಡೂವರೆ ಪುಟ, ಜೊತೆಗೆ ಕ್ಯಾಲೆಂಡರ್. ಅದರ ಮೊದಲ ಪ್ಯಾರಾದಲ್ಲೇ ಸ್ವಯಂಸೇವಕಿ ಬರೆದರು: ಹಿಂದಿನ ವರದಿಯಲ್ಲಿ ತಾಯಿಯ ಆಸಕ್ತಿಯ ಬಗ್ಗೆ ಬರೆದದ್ದಕ್ಕೆ ನನ್ನ ಬಳಿ ಆಧಾರವಿರಲಿಲ್ಲ, ಅದನ್ನು ಹಿಂದಕ್ಕೆ ಪಡೆಯುತ್ತೇನೆ. ಈ ಸಾಲು ಬೇಕೇ ಎಂದು ಕಚೇರಿಯಲ್ಲಿ ಚರ್ಚೆಯಾಗಿತ್ತು. ಬೇಕೇ ಬೇಕಿತ್ತು. ಅದಿಲ್ಲದೆ ಕ್ಯಾಲೆಂಡರನ್ನು ಯಾರೂ ನಂಬಬೇಕಾಗಿರಲಿಲ್ಲ.

ಕೌಂಟಿಯಿಂದ ಸಮಂಜಸವಾದ ಸೇವೆ ಸಿಕ್ಕಿಲ್ಲ ಎಂದು ನ್ಯಾಯಾಧೀಶರು ನಿರ್ಣಯಿಸಿದರು. ಹಾಗೆ ನಿರ್ಣಯವಾದರೆ 6 ತಿಂಗಳಿಗೆ ಬಾಗಿಲು ಮುಚ್ಚುವಂತಿಲ್ಲ, ಪ್ರಕರಣ 12 ತಿಂಗಳ ವಿಚಾರಣೆಗೆ ಹೋಗಲೇಬೇಕು. ಭೇಟಿ ಶನಿವಾರ ಬೆಳಗ್ಗೆ 10ಕ್ಕೆ ಬದಲಾಯಿತು. ತಾಯಿಯ ತಪ್ಪಿಲ್ಲದೆ ರದ್ದಾದ ಭೇಟಿಯನ್ನು 7 ದಿನದೊಳಗೆ ಮತ್ತೆ ಕೊಡಬೇಕೆಂದು ಆದೇಶವಾಯಿತು. ಮುಂದಿನ ಹತ್ತು ವಾರದಲ್ಲಿ ಶಾಲೆಯಿಂದ ಬಂದ ಶಿಸ್ತು ವರದಿ ಒಂದೇ.

ಮನೆಗೆ ಕರೆಯುವ ವಿಷಯವನ್ನೂ ಇಲ್ಲಿ ಹೇಳಬೇಕು, ನಮ್ಮ ಕನ್ನಡದ ಸ್ವಯಂಸೇವಕರೆಲ್ಲರೂ ಇದನ್ನು ಕೇಳುತ್ತಾರೆ. ಮಗು ಸೊರಗಿದೆ, ಒಂದು ಭಾನುವಾರ ಮನೆಗೆ ಕರೆದು ಬಿಸಿ ಅನ್ನ ಸಾರು ಹಾಕೋಣ ಎಂದು ಈಕೆಯೂ ಕೇಳಿದ್ದರು. ನಿಯಮ ಒಪ್ಪುವುದಿಲ್ಲ: ಮಗುವನ್ನು ಸ್ವಂತ ಮನೆಗೆ ಕರೆದೊಯ್ಯುವಂತಿಲ್ಲ, ಹಣ ಅಥವಾ ಬೆಲೆಬಾಳುವ ಉಡುಗೊರೆ ಕೊಡುವಂತಿಲ್ಲ. ಊಟ ಹಾಕಿದ ಮನೆ ಮಗುವಿನ ಮನಸ್ಸಿನಲ್ಲಿ ತನ್ನದಾಗುತ್ತದೆ, ಪ್ರಕರಣ ಮುಗಿದ ದಿನ ಅದು ಇನ್ನೊಂದು ಕಳೆದುಕೊಂಡ ಮನೆಯಾಗುತ್ತದೆ. ಉದ್ಯಾನದಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನಬಹುದು. ಈಕೆ ಹಾಗೇ ಮಾಡಿದರು.

ಆಮೇಲೆ

ತಾಯಿ ವಸತಿ ಚಿಕಿತ್ಸೆ ಮುಗಿಸಿದಳು. 12 ತಿಂಗಳ ವಿಚಾರಣೆಯಲ್ಲಿ ಮೇಲ್ವಿಚಾರಣೆ ಇಲ್ಲದ ಭೇಟಿ ಸಿಕ್ಕಿತು, ಅವಧಿ 18ನೇ ತಿಂಗಳವರೆಗೆ ಮುಂದುವರಿಯಿತು. ಹದಿನೈದನೇ ತಿಂಗಳಲ್ಲಿ ಮತ್ತೆ ಜಾರಿದಳು. ಎರಡು ಪರೀಕ್ಷೆ ವಿಫಲ, ಮೂರು ವಾರ ಸಂಪರ್ಕವಿಲ್ಲ. ಆ ಮೂರು ಶನಿವಾರಗಳೂ ಕ್ಯಾಲೆಂಡರಿನಲ್ಲಿ ಅಷ್ಟೇ ನಿಖರವಾಗಿ ದಾಖಲಾದವು: ಮಗು ಬಂತು, ತಾಯಿ ಬರಲಿಲ್ಲ. ತಾಯಿಯ ಪರ ಒಮ್ಮೆ ಕೆಲಸ ಮಾಡಿದ ಹಾಳೆ ಈಗ ಅವಳ ವಿರುದ್ಧ ನಿಂತಿತು. ಆ ಸಾಲುಗಳನ್ನು ಬರೆಯುವಾಗ ಸ್ವಯಂಸೇವಕಿ ಬಹಳ ನೊಂದರು, ಆದರೂ ಬರೆದರು.

18 ತಿಂಗಳ ವಿಚಾರಣೆಯಲ್ಲಿ ತಾಯಿಯ ಸೇವೆ ನಿಂತಿತು. ದತ್ತು ಆಗಬೇಕೇ, ಕಾನೂನುಬದ್ಧ ಪಾಲಕತ್ವ ಸಾಕೇ ಎಂಬ ಪ್ರಶ್ನೆ ಬಂದಾಗ ಅಣ್ಣನ ಮಾತು ಸ್ಪಷ್ಟವಿತ್ತು: ಅತ್ತೆ ಮನೆಯಲ್ಲಿರ್ತೀನಿ, ಅಮ್ಮ ಅಮ್ಮನೇ ಆಗಿರಲಿ. ವರದಿಯಲ್ಲಿ ಆ ಮಾತು ಅವನದೇ ಪದಗಳಲ್ಲಿ, ಉದ್ಧರಣ ಚಿಹ್ನೆಯೊಳಗೆ ಹೋಯಿತು. ಅತ್ತೆ ಪಾಲಕಿಯಾದಳು. ಈ ವ್ಯವಸ್ಥೆಯಲ್ಲಿ ತಾಯಿಯ ಹಕ್ಕು ಪೂರ್ತಿ ರದ್ದಾಗುವುದಿಲ್ಲ. ಮಕ್ಕಳು ಆರು ತಿಂಗಳಿಗಿಂತ ಹೆಚ್ಚು ಅತ್ತೆಯ ಮನೆಯಲ್ಲಿದ್ದದ್ದರಿಂದ ಬಂಧು ಪಾಲಕರ ಮಾಸಿಕ ನೆರವು, ಕಿನ್-ಗ್ಯಾಪ್, ಕೂಡ ಸಿಕ್ಕಿತು. ತಾಯಿ ಮತ್ತೆ ಚಿಕಿತ್ಸೆಗೆ ಸೇರಿದ್ದಳು.

ಕಾಸಾ ನೇಮಕ ಅಲ್ಲಿಗೆ ಮುಗಿಯಿತು. ಸ್ವಯಂಸೇವಕಿ ವಿದಾಯವನ್ನು ಎರಡು ತಿಂಗಳು ಮುಂಚೆಯೇ ಹೇಳಿ, ಇನ್ನು ಮೂರು ಸಲ ಬರುತ್ತೇನೆ, ಇನ್ನು ಎರಡು ಸಲ ಎಂದು ಎಣಿಸುತ್ತಾ ಬಂದರು. ಕೊನೆಯ ಭೇಟಿಯಲ್ಲಿ ತಂಗಿ ಕೋಳಿಗಳನ್ನು ಒಂದೊಂದಾಗಿ ಹೆಸರು ಹಿಡಿದು ತೋರಿಸಿದಳು, ಐದನ್ನೂ. ಟಿಪ್ಪಣಿ ಪುಸ್ತಕ, ಪ್ರತಿಗಳು, ಕ್ಯಾಲೆಂಡರ್ ಎಲ್ಲವನ್ನೂ ಸ್ವಯಂಸೇವಕಿ ಆ ವಾರವೇ ಕಚೇರಿಗೆ ಒಪ್ಪಿಸಿ ಸಹಿ ಹಾಕಿದರು.